ಬೆರಳಿಗೆ ಒಗ್ಗದ ಲೋಹವೂ ಸಿತಾರದ ಅಭ್ಯಾಸವೂ

(ಸಂಘದ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಮೊದಲು ನನ್ನಿಂದ ಬಯಸಿದ್ದು ಸಿತಾರ್ ವಾದನವನ್ನು, ಭಾಷಣವನ್ನಲ್ಲ. ಆದರೆ ಕಳೆದ ತಿಂಗಳು ನಾನು ವಾಚನಾಲಯದಲ್ಲಿ ಪತ್ರಿಕೆ ನೋಡುತ್ತ ಕುಳಿತಿದ್ದಾಗ ಪಕ್ಕದ ಕುರ್ಚಿಯ ತರುಣರೊಬ್ಬರು ನನ್ನ ಬಲಗೈಯ ತೋರುಬೆರಳಿನ ಹಳೆಯ ಕಲೆಗಳನ್ನು ಕಂಡು, "ನಿಮಗೂ ಹೀಗಾಗಿತ್ತೇ?" ಎಂದು ತಮ್ಮ ಎಡಗೈ ಚಾಚಿದರು. ಅವರು ಗಿಟಾರು ಕಲಿಯುತ್ತಿರುವವರು. ನಾಲ್ಕು ಬೆರಳ ತುದಿಗಳೂ ಸಿಪ್ಪೆಯೆದ್ದು ಕೆಂಪಗಾಗಿದ್ದವು. ವಾದ್ಯವನ್ನು ಮಾರಲು ಗಿರಾಕಿಯನ್ನೂ ಗೊತ್ತುಮಾಡಿಕೊಂಡಿದ್ದರು. "ಮಾರಬೇಡಿ, ಒಂದು ತಿಂಗಳು ತಡೆಯಿರಿ" ಎಂದೆ. ಅದು ಕಾರ್ಯದರ್ಶಿಗಳ ಕಿವಿಗೆ ಬಿತ್ತು. ಮೊದಲು ಅದನ್ನು ಸಭೆಗೆ ಹೇಳಿ, ಆಮೇಲೆ ನುಡಿಸಿ ಎಂದು ಅಪ್ಪಣೆಯಾಯಿತು.

ನಾನು ವೈದ್ಯನಲ್ಲ, ರಸಾಯನಶಾಸ್ತ್ರಿಯೂ ಅಲ್ಲ. ಲೆಕ್ಕ ಬರೆಯುವ ಗುಮಾಸ್ತ. ಊರು ಧಾರವಾಡದ ಕಡೆ. ಸಿತಾರ್‌ರತ್ನ ರಹಿಮತ್ ಖಾನರ ಮನೆತನದಿಂದ ನಮ್ಮ ಊರಿನಲ್ಲಿ ಸಿತಾರದ ನಾದ ಬೇರೂರಿದ್ದು ತಮಗೆಲ್ಲ ಗೊತ್ತೇ ಇದೆ. ಕೆಲಸಕ್ಕೆಂದು ಮುಂಬಯಿಗೆ ಬಂದ ಮೇಲೆ, ಎರಡು ದೀಪಾವಳಿಯ ಬೋನಸ್ಸು ಕೂಡಿಸಿ ಮಿರಜಿನಿಂದ ಒಂದು ಸಿತಾರ್ ತಂದೆ. ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೆಯ ಶತಮಾನದಲ್ಲಿ ತಂತಿವಾದ್ಯದ ಕಸುಬು ಹಿಡಿದ ಊರು ಅದು. 2024ರಲ್ಲಿ ಮಿರಜಿನ ಸಿತಾರ್ ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ನಮ್ಮ ಖೋಲಿಯಲ್ಲಿ ಆ ವಾದ್ಯವನ್ನು ಮಲಗಿಸಿದರೆ ಮನುಷ್ಯರು ಕೂಡ್ರಬೇಕು. ಆದರೂ ಲೋಕಲ್ ಗಾಡಿಯಲ್ಲಿ ನಿಂತು ಬಂದ ಕಾಲಿಗೆ, ಅಂಕೆ ಕೂಡಿಸಿ ದಣಿದ ಕಣ್ಣಿಗೆ, ರಾತ್ರಿಯ ಆ ಮುಕ್ಕಾಲು ಗಂಟೆ ಏನಾಗಿತ್ತೆಂಬುದನ್ನು ಊರು ಬಿಟ್ಟು ಬಂದ ತಮಗೆ ನಾನು ವಿವರಿಸಬೇಕಾಗಿಲ್ಲ.

ಮೂರನೆಯ ತಿಂಗಳಿಗೆ ಬೆರಳು ತುರಿಸತೊಡಗಿತು. ಬಲಗೈಯ ತೋರುಬೆರಳಿನ ಎರಡು ಬದಿಗೂ ಸಣ್ಣ ಸಣ್ಣ ನೀರುಗುಳ್ಳೆ; ಅವು ಒಡೆದು ಚರ್ಮ ಸೀಳಿತು. ಕೆಲವು ವಾರಗಳಲ್ಲಿ ಎಡಗೈಯ ತೋರುಬೆರಳು, ನಡುಬೆರಳುಗಳಿಗೂ ಬಂತು. ಕಲಿಸುವವರು, ಕೈ ಇನ್ನೂ ಹದಗೊಂಡಿಲ್ಲ, ಸಾಧನೆ ಹೆಚ್ಚಿಸು ಎಂದರು. ಹೆಚ್ಚಿಸಿದೆ, ಗುಳ್ಳೆಯೂ ಹೆಚ್ಚಿತು. ಮನೆಯವರು ಬದನೆಕಾಯಿ ನಂಜು ಎಂದರು, ಬದನೆಕಾಯಿ ಬಿಟ್ಟೆ. ಬಟ್ಟೆ ಸೋಪು ಬದಲಾಯಿಸಿದೆವು. ವೈದ್ಯರೊಬ್ಬರು ಹುಳುಕಡ್ಡಿ ಎಂದು ಮುಲಾಮು ಬರೆದುಕೊಟ್ಟರು. ಹಚ್ಚಿದಾಗ ತಗ್ಗಿತು, ಬಿಟ್ಟಾಗ ಮರಳಿತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದೂ, ಅಂಥದ್ದು ತುರಿಕೆಯನ್ನು ಮುಚ್ಚಿಡುವುದೇ ಹೊರತು ಕಾರಣವನ್ನು ಕೀಳಲಾರದೆಂದೂ, ಗೊತ್ತುಗುರಿಯಿಲ್ಲದೆ ಹಚ್ಚಿದರೆ ಚರ್ಮ ತೆಳುವಾಗುವುದೆಂದೂ ತಿಳಿದದ್ದು ಆಮೇಲೆ. ಕೊನೆಗೆ ಸಿತಾರವನ್ನು ಗವಸಿನಲ್ಲಿ ಹಾಕಿ ಗೋಡೆಗೆ ತೂಗಿದೆ. ಹದಿನಾಲ್ಕು ತಿಂಗಳು ಅದು ಅಲ್ಲಿಯೇ ಇತ್ತು. ಬೆರಳು ವಾಸಿಯಾಯಿತು.

ಇಷ್ಟು ದಿನ ಸಿತಾರದ ಮೇಲೆ ಗುಮಾನಿ ಏಕೆ ಬರಲಿಲ್ಲವೆಂದು ಕೇಳಬಹುದು. ಬಂದಿತ್ತು, ಆದರೆ ಲೆಕ್ಕ ಕೂಡಲಿಲ್ಲ. ಭಾನುವಾರ ಎರಡು ಮೂರು ಗಂಟೆ ನುಡಿಸಿದರೆ ಭಾನುವಾರ ಏನೂ ಇಲ್ಲ. ಸೋಮವಾರವೂ ಕೈ ಚೆನ್ನಾಗಿಯೇ ಇರುವುದು. ಮಂಗಳವಾರ ಕಚೇರಿಯಲ್ಲಿ ಕುಳಿತಾಗ ತುರಿಕೆ! ಹೀಗಾಗಿ ಮಂಗಳವಾರ ಏನು ತಿಂದೆ, ಏನು ಮುಟ್ಟಿದೆ ಎಂದು ಹುಡುಕುತ್ತಿದ್ದೆ. ಲೋಹದ ಒಗ್ಗದಿಕೆಯ, ಅಂದರೆ ಅಲರ್ಜಿಯ, ಗುಟ್ಟು ಇಲ್ಲಿಯೇ ಇದೆ. ಕೆಲವರಿಗೆ ಸಿಗಡಿ ತಿಂದ ಗಳಿಗೆಯಲ್ಲೇ ಮೈಮೇಲೆ ದದ್ದು ಏಳುತ್ತದಲ್ಲ, ಇದು ಆ ಜಾತಿಯದಲ್ಲ. ಲೋಹದ ಅತಿಸೂಕ್ಷ್ಮ ಅಂಶ ಬೆವರಿನಲ್ಲಿ ಕರಗಿ ಚರ್ಮದೊಳಗೆ ಇಳಿಯಬೇಕು. ರಕ್ತದ ಕೆಲವು ಬಿಳಿಕಣಗಳು ಅದನ್ನು ಹಳೆಯ ವೈರಿಯೆಂದು ಗುರುತಿಸಬೇಕು. ಅವು ದಂಡು ಕೂಡಿಸಿ ಬರಬೇಕು. ಇಷ್ಟಕ್ಕೆಲ್ಲ ಒಂದು ದಿನದಿಂದ ಮೂರು ದಿನ ಹಿಡಿಯುತ್ತದೆ. ಒಮ್ಮೆ ಗುರುತು ಹಿಡಿದ ಕಣಗಳು ಸಾಮಾನ್ಯವಾಗಿ ಜನ್ಮವಿಡೀ ಮರೆಯುವುದಿಲ್ಲ.

ಹಾಗೆ ಗುರುತಿಸಲ್ಪಡುವ ಲೋಹಗಳಲ್ಲಿ ಮೊದಲನೆಯದು ನಿಕ್ಕಲ್. ಜರ್ಮನಿಯ ಗಣಿ ಕೆಲಸಗಾರರು ತಾಮ್ರದಂತೆ ಕಾಣುವ ಒಂದು ಅದಿರನ್ನು ಎಷ್ಟು ಕಾಸಿದರೂ ತಾಮ್ರ ಬಾರದಿರಲು, ಇದು ಪಿಶಾಚಿಯ ಚೇಷ್ಟೆಯೆಂದು ಬೈದು ಅದಕ್ಕೆ "ಕುಪ್ಫರ್‌ನಿಕೆಲ್" ಎಂದು ಹೆಸರಿಟ್ಟರು. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬಾತ ಅಂಥದೇ ಅದಿರಿನಿಂದ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ ಪಿಶಾಚಿಯ ಹೆಸರೇ ನಿಂತಿತು. ಇದು ನಾವು ದಿನವೂ ಮುಟ್ಟುವ ಲೋಹ. 1950ರ ಒಂದು ರೂಪಾಯಿ ನಾಣ್ಯ ಅಪ್ಪಟ ನಿಕ್ಕಲಿನದಾಗಿತ್ತು. 2020ರಲ್ಲಿ ಚಲಾವಣೆಗೆ ಬಂದ 20 ರೂಪಾಯಿ ನಾಣ್ಯದ ಹೊರಬಳೆಯಲ್ಲಿ ನೂರಕ್ಕೆ 20 ಭಾಗ ನಿಕ್ಕಲ್ ಇದೆ. ಪಟ್ಟಿಯ ಬಕ್ಕಲು, ಪ್ಯಾಂಟಿನ ಗುಂಡಿ, ಬೀಗದ ಕೈ, ಚಿನ್ನದ ನೀರು ಕುಡಿಸಿದ ಓಲೆಯ ಒಳಪದರ ಇವುಗಳಲ್ಲೆಲ್ಲ ಇರಬಹುದು. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಹೆಚ್ಚಾಗಿರುವುದಕ್ಕೆ ಕಿವಿ ಚುಚ್ಚಿಸಿ ಅಗ್ಗದ ಓಲೆ ಹಾಕುವುದೇ ಮುಖ್ಯ ಕಾರಣವೆನ್ನುತ್ತಾರೆ. ಯುರೋಪಿನವರು 1994ರಲ್ಲಿ ಕಾಯಿದೆಯನ್ನೇ ಮಾಡಿ, ಮೈಗೆ ಬಹುಹೊತ್ತು ತಗಲುವ ವಸ್ತುಗಳಿಂದ ವಾರವೊಂದಕ್ಕೆ ಚದರ ಸೆಂಟಿಮೀಟರಿಗೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದೆಂದು ಕಟ್ಟು ಹಾಕಿದರು.

ಕಟ್ಟಡದ ಕೆಲಸದಲ್ಲಿರುವ ಬಂಧುಗಳು ಇಲ್ಲಿ ಹಲವರು ಇದ್ದೀರಿ. ಅವರಿಗೆ ಒಂದು ಮಾತು. ಸಿಮೆಂಟು ಕಲಸುವವರ ಕೈ ಬಿರಿದು ಗಾಯವಾಗುವುದು ಬರಿಯ ಸುಣ್ಣದ ಉರಿಯಿಂದಲೇ ಎಂದು ತಿಳಿಯಬೇಡಿ. ಸಿಮೆಂಟಿನಲ್ಲಿರುವ ಕ್ರೋಮಿಯಮ್ ಅಂಶಕ್ಕೂ ಇದೇ ಬಗೆಯ ಒಗ್ಗದಿಕೆ ಬರುವುದುಂಟು. ಕಂಡುಹಿಡಿಯುವ ಪರೀಕ್ಷೆಯೂ ಒಂದೇ.

ಆ ಪರೀಕ್ಷೆಯ ವಿಷಯ ಹೇಳುತ್ತೇನೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ನನ್ನ ಹೊಟ್ಟೆಯ ಮೇಲೆ ಬಕ್ಕಲು ತಾಗುವಲ್ಲಿ ಕಪ್ಪು ಕಲೆಯಿದ್ದುದನ್ನು ಕಂಡು, ದೊಡ್ಡ ಆಸ್ಪತ್ರೆಯ ಚರ್ಮವಿಭಾಗಕ್ಕೆ ಹೋಗಿ ಬನ್ನಿರೆಂದು ಒತ್ತಾಯಿಸಿದರು. ಅಲ್ಲಿ ಮಾಡುವುದು "ಪ್ಯಾಚ್ ಪರೀಕ್ಷೆ". 1895ರಲ್ಲಿ ಯಾಡಸ್ಸೋನ್ ಎಂಬ ಜರ್ಮನ್ ವೈದ್ಯ ಗ್ರಾಟ್ಜ್ ನಗರದ ಸಮ್ಮೇಳನದಲ್ಲಿ ಲೋಕಕ್ಕೆ ತಿಳಿಸಿದ ಕ್ರಮವಿದು. ಇಂದಿಗೂ ಇದಕ್ಕಿಂತ ಮೇಲಾದದ್ದು ಬಂದಿಲ್ಲ. ಗುಮಾನಿಯ ಪದಾರ್ಥಗಳನ್ನು ವ್ಯಾಸಲೀನಿನಲ್ಲಿ ಬೆರೆಸಿ (ನಿಕ್ಕಲ್ ಸಲ್ಫೇಟಾದರೆ ನೂರಕ್ಕೆ 5 ಭಾಗ), ಪುಟ್ಟ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಬೆನ್ನು ನೆನೆಯಕೂಡದು, ಬೆವರಕೂಡದು. ಮುಂಬಯಿಯ ಸೆಕೆಯಲ್ಲಿ ಎರಡು ದಿನ ಬೆನ್ನಿಗೆ ನೀರು ಸೋಕಿಸದಿರುವುದೆಂದರೆ ಅದೊಂದು ತಪಸ್ಸು. ಸಾಧ್ಯವಿದ್ದವರು ಡಿಸೆಂಬರ್ ಜನವರಿಯಲ್ಲಿ ಮಾಡಿಸಿಕೊಳ್ಳಿ. ಪಟ್ಟಿ ಕಿತ್ತ ದಿನ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನನ್ನ ಬೆನ್ನಿನ ಮೇಲೆ ನಿಕ್ಕಲಿನ ಜಾಗ ಮಾತ್ರ ಕಾಸಿನಗಲ ಕೆಂಪಾಗಿ ಉಬ್ಬಿತ್ತು. ಕೋಬಾಲ್ಟು, ಕ್ರೋಮಿಯಮ್ ಎರಡೂ ಸುಮ್ಮನಿದ್ದವು.

"ತಂತಿವಾದ್ಯ ಬಿಟ್ಟುಬಿಡಿ, ಕೊಳಲು ಕಲಿಯಿರಿ" ಎಂದರು ಅಲ್ಲಿಯ ಕಿರಿಯ ವೈದ್ಯರು. ಅವರ ಮೇಲೆ ನನಗೆ ಕೋಪವಿಲ್ಲ. ಸಿತಾರವೆಂದರೆ ಒಂದೇ ಲೋಹದ ಮುದ್ದೆಯೆಂದು ಅವರು ಭಾವಿಸಿದ್ದರು. ನಾನೂ ಹಾಗೆಯೇ ಭಾವಿಸಿದ್ದೆ. ಮನೆಗೆ ಬಂದು ಗವಸು ಬಿಚ್ಚಿ, ಗುಮಾಸ್ತನ ಬುದ್ಧಿಯಂತೆ ಒಂದು ಪಟ್ಟಿ ಮಾಡಿದೆ: ಯಾವ ಬೆರಳಿನ ಯಾವ ಭಾಗಕ್ಕೆ ಯಾವ ಲೋಹ ತಾಗುತ್ತದೆ? ಬಾಜಿನ ತಂತಿ ಉಕ್ಕಿನದು. ವಾದ್ಯದ ಉಕ್ಕಿನ ತಂತಿಯೆಂದರೆ ಕಬ್ಬಿಣ ಮತ್ತು ಇಂಗಾಲ. ಅದರಲ್ಲಿ ನಿಕ್ಕಲ್ ಇಲ್ಲವೆನ್ನಬಹುದು, ಮೇಲೆ ಲೇಪವಿದ್ದರೆ ಮಾತ್ರ ಸಂಶಯ. ಜೋಡಿನ ತಂತಿ ಕಂಚು, ಎಂದರೆ ತಾಮ್ರ ತವರ. ತರಬಿನ ತಂತಿಗಳು ಮೆಟ್ಟಿಲುಗಳ ಕೆಳಗೆ ಇರುವುದರಿಂದ ಅವುಗಳಿಗೆ ಕೈ ತಾಗುವುದೇ ಅಪರೂಪ. ಉಳಿದದ್ದು ಎರಡು. ಒಂದು, ಬಲಗೈಯ ತೋರುಬೆರಳನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಮಿಜ್ರಾಬ್; ನಾನು ಹೊಳಪು ನೋಡಿ ಆರಿಸಿದ್ದು. ಇನ್ನೊಂದು, ಸಿತಾರದ ಕತ್ತಿನ ಮೇಲಿನ ಬಾಗಿದ ಮೆಟ್ಟಿಲುಗಳು, ಪರದೆಗಳೆನ್ನುತ್ತಾರಲ್ಲ ಅವು. ಇವನ್ನು ಹಿತ್ತಾಳೆಯಲ್ಲೂ ಮಾಡುತ್ತಾರೆ, ಜರ್ಮನ್ ಸಿಲ್ವರಿನಲ್ಲೂ ಮಾಡುತ್ತಾರೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯ ಸುಳಿವೂ ಇಲ್ಲ. ತಾಮ್ರ, ಸತುವು, ಮತ್ತು ಆ ಬಿಳುಪನ್ನು ಕೊಡುವ ನಿಕ್ಕಲ್. ನಾನು ಹಿತ್ತಾಳೆ ಹಳದಿಯಾಗಿ ಕಾಣುತ್ತದೆಂದು ಬಿಳಿಯದನ್ನೇ ಕೇಳಿ ಹಾಕಿಸಿದ್ದೆ! ಮೀಂಡ್ ಎಳೆಯುವಾಗ ತಂತಿಯೊಡನೆ ಬೆರಳೂ ಮೆಟ್ಟಿಲಿನ ಮೇಲೆ ಉಜ್ಜುತ್ತ ಹೋಗುತ್ತದೆ. ಗುಳ್ಳೆ ಬಂದ ಜಾಗಗಳೂ ಪಟ್ಟಿಯೂ ಪೈಸೆಗೆ ಪೈಸೆ ತಾಳೆಯಾದವು.

ತಾಳೆಯಾಯಿತೆಂದು ನಂಬಿ ಕೂಡ್ರಬೇಕಾಗಿಲ್ಲ; ನೋಡಲೂ ಬರುತ್ತದೆ. ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ಬಾಯಿ ಸುತ್ತಿಸುವ ಹೆಸರಿನ ಒಂದು ವಸ್ತುವುಂಟು. ರಷ್ಯದ ಚುಗಾಯೆವ್ 1905ರಲ್ಲಿ ಇದರ ಗುಣವನ್ನು ಕಂಡ. ಇದರ ಹನಿಯನ್ನೂ ಅಮೋನಿಯದ ಹನಿಯನ್ನೂ ಹತ್ತಿಯ ಕಡ್ಡಿಗೆ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ತಿಕ್ಕಿದರೆ, ನಿಕ್ಕಲ್ ಹೊರಬರುತ್ತಿದ್ದಲ್ಲಿ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಾರದಿದ್ದರೆ ನಿಕ್ಕಲ್ ಇಲ್ಲವೇ ಇಲ್ಲವೆಂದಲ್ಲ. ಗೊತ್ತಾಗುವಷ್ಟು ಹೊರಬರುತ್ತಿಲ್ಲವೆಂದಷ್ಟೇ ಅರ್ಥ. ನನ್ನ ಬಾಜಿನ ತಂತಿಗೆ ಹತ್ತಿ ಬಿಳಿಯಾಗಿಯೇ ಉಳಿಯಿತು. ಮೆಟ್ಟಿಲಿಗೆ ಗುಲಾಬಿ. ಮಿಜ್ರಾಬಿಗೆ ಕುಂಕುಮದಂತಾಯಿತು. ಒಂದೂವರೆ ವರ್ಷ ಬದನೆಕಾಯಿಯನ್ನು ವೃಥಾ ದೂರಿದ್ದಕ್ಕೆ ನಾನೂ ಮನೆಯವರೂ ನಕ್ಕೆವು.

ಮುಂದಿನ ಕೆಲಸ ಸುಲಭವಾಯಿತು. ಸಿತಾರದ ಮೆಟ್ಟಿಲುಗಳನ್ನು ಗಿಟಾರಿನಲ್ಲಿದ್ದಂತೆ ಮರಕ್ಕೆ ಬಡಿದು ಕೂಡಿಸಿರುವುದಿಲ್ಲ, ದಾರದಿಂದ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ಸರಿಸಬೇಕಲ್ಲ. ಮಿರಜಿಗೆ ಹೋಗುವವರ ಕೈಯಲ್ಲಿ ಅಳತೆ ಕೊಟ್ಟು ಇಪ್ಪತ್ತೂ ಹಿತ್ತಾಳೆಯವನ್ನೇ ತರಿಸಿ ಕಟ್ಟಿಸಿದೆ. ಮಿಜ್ರಾಬನ್ನು ಲೇಪವಿಲ್ಲದ ಉಕ್ಕಿನ ತಂತಿಯಲ್ಲಿ ಮಾಡಿಸಿ, ಬೆರಳಿಗೆ ತಾಗುವಲ್ಲಿ ನೂಲು ಸುತ್ತಿದೆ. ಅದು ತುಕ್ಕು ಹಿಡಿಯುತ್ತದೆ, ನಿಜ. ಕೊಬ್ಬರಿ ಎಣ್ಣೆಯ ಹನಿ ಹಾಕಿ ಒರೆಸಿಡುತ್ತೇನೆ. ಇದಕ್ಕೆ ಮೊದಲು ಮಾಡಿದ ಪೆದ್ದುತನಗಳನ್ನೂ ಹೇಳಿಬಿಡುವೆ. ಮೆಟ್ಟಿಲಿಗೆ ಉಗುರುಬಣ್ಣ ಬಳಿದೆ. ಮೀಂಡಿನ ಉಜ್ಜಾಟಕ್ಕೆ ವಾರದಲ್ಲಿ ಹೋಯಿತು. ಬೆರಳಿಗೆ ರಬ್ಬರು ಚೀಲ ಹಾಕಿದೆ; ಸಿತಾರ್ ಹಲಗೆಯಂತೆ ನುಡಿಯಿತು, ಒಳಗೆ ಬೆವರೂ ಬಂತು. ಬೆವರು ಲೋಹವನ್ನು ಕರಗಿಸುತ್ತದೆಂದು ಆಗಲೇ ಹೇಳಿದೆನಷ್ಟೆ. ಈಗ ನುಡಿಸುವ ಮೊದಲು ಕೈ ತೊಳೆದು ಒಣಗಿಸಿ, ಮುಗಿದ ಮೇಲೆ ತಂತಿ, ಮೆಟ್ಟಿಲು ಎರಡನ್ನೂ ಒರೆಸುತ್ತೇನೆ. ಮಳೆಗಾಲದಲ್ಲಿ ಅರ್ಧ ಗಂಟೆಗೆ ನಿಲ್ಲಿಸುತ್ತೇನೆ. ಒಗ್ಗದಿಕೆ ಹೋಗಿಲ್ಲ. ಹೋದ ವರ್ಷ ಮದುವೆಮನೆಯಲ್ಲಿ ಯಾರದೋ ಸಿತಾರ್ ಒಂದು ಗಂಟೆ ನುಡಿಸಿದ್ದಕ್ಕೆ ಮೂರನೆಯ ದಿನ ಗುಳ್ಳೆ ಎದ್ದಿತು.

ಬೇರೆ ವಾದ್ಯಗಳವರಿಗೆ ಎರಡು ಮಾತು ಸಾಕು. ಪಿಟೀಲಿಗೆ ಮೆಟ್ಟಿಲೇ ಇಲ್ಲ. ಅದರ ತಂತಿಯ ಮೇಲಿನ ಸುತ್ತು ಅಲ್ಯುಮಿನಿಯಮ್ಮೋ ಬೆಳ್ಳಿಯೋ ಎಂದು ಕೇಳಿ ಕೊಳ್ಳಬಹುದು. ಆದರೆ ಪಿಟೀಲಿನವರು ಕಮಾನಿಗೆ ತಿಕ್ಕುವ ರಾಳವನ್ನೂ ಪರೀಕ್ಷೆ ಮಾಡಿಸಬೇಕು. ಅದೂ ಕೆಲವರಿಗೆ ಒಗ್ಗದು. ಸಾರಂಗಿಯ ಮುಖ್ಯ ತಂತಿಗಳು ಆಡಿನ ಕರುಳಿನವು. ನಮ್ಮಲ್ಲಿ ಕೆಲವು ಮನೆಗಳಿಗೆ ಆ ಕರುಳೇ ಒಗ್ಗದು, ಆ ಮಾತು ಬೇರೆ. ಪಾಶ್ಚಾತ್ಯರೂ ಹಿಂದೆ ಕರುಳನ್ನೇ ನೆಚ್ಚಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅದೆಲ್ಲ ಗಾಯ ಹೊಲಿಯಲು ಹೋಗಲು, ಅಮೆರಿಕದ ಆಲ್ಬರ್ಟ್ ಆಗಸ್ಟೀನ್ ಎಂಬ ವಾದ್ಯಶಿಲ್ಪಿ ನೈಲಾನ್ ತಂತಿ ಮಾಡಿದ. ಸೆಗೋವಿಯಾನಂಥ ಗಿಟಾರ್ ವಾದಕನೇ ಅದನ್ನು ಒಪ್ಪಿದ. ಗೋಟುವಾದ್ಯದಲ್ಲಿ ಎಡಗೈ ತಂತಿಯನ್ನು ಮುಟ್ಟುವುದೇ ಇಲ್ಲ. ಮರದ ತುಂಡೊಂದು ಜಾರುತ್ತದೆ.

ಹೊಸಬರು ಗಾಬರಿಯಾಗಬಾರದೆಂದು ಇದನ್ನೂ ಹೇಳುತ್ತೇನೆ. ಕಲಿಯುವ ಮೊದಲ ತಿಂಗಳುಗಳಲ್ಲಿ ಬೆರಳ ತುದಿ ನೋಯುವುದು, ಗೆರೆ ಬೀಳುವುದು, ಜಡ್ಡುಗಟ್ಟುವುದು ಎಲ್ಲರಿಗೂ ಉಂಟು. ಅದು ನೋವು, ತುರಿಕೆಯಲ್ಲ. ತುರಿಕೆಯಿದ್ದು, ಒಂದೆರಡು ದಿನ ತಡವಾಗಿ ಬಂದು, ತಂತಿ ಒತ್ತಿದ ಜಾಗವನ್ನು ದಾಟಿ ಹರಡಿದರೆ ಆಗ ಚರ್ಮವೈದ್ಯರನ್ನು ಕಾಣಿರಿ. ಹೋಗುವಾಗ ವಾದ್ಯವನ್ನೋ, ತಂತಿ ಮಿಜ್ರಾಬನ್ನಾದರೂ, ಜೊತೆಗೆ ಒಯ್ಯಿರಿ.

ಆರಂಭದಲ್ಲಿ ಹೇಳಿದ ಗಿಟಾರಿನ ತರುಣರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರದು ವಿದ್ಯುತ್ ಗಿಟಾರು. ಆ ಜಾತಿಯ ದಪ್ಪ ತಂತಿಗಳ ಸುತ್ತು ಸಾಮಾನ್ಯವಾಗಿ ನಿಕ್ಕಲ್ ಲೇಪದ ಉಕ್ಕು. ನಮ್ಮ ಹನಿಗೆ ಅದು ಗುಲಾಬಿಯಾಯಿತು. ಅವರ ಪ್ಯಾಚ್ ಪರೀಕ್ಷೆ ಬರುವ ವಾರವಿದೆ. ಅಲ್ಲಿಯವರೆಗೆ ಗೆಳೆಯರೊಬ್ಬರ ನೈಲಾನ್ ತಂತಿಯ ಗಿಟಾರಿನಲ್ಲಿ ಅಭ್ಯಾಸ ನಡೆಸಿದ್ದಾರೆ. ಅದರ ಮೆಟ್ಟಿಲುಗಳು ಜರ್ಮನ್ ಸಿಲ್ವರಿನವೇ. ಆದರೆ ಅಲ್ಲಿ ಬೆರಳು ಹೆಚ್ಚಾಗಿ ತಾಗುವುದು ತಂತಿಗೆ. ಕೈ ಅರ್ಧ ಮಾಗಿದೆ. ಗಿರಾಕಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲವಂತೆ.

ಹನಿಯ ಎರಡು ಶೀಶೆಗಳನ್ನೂ ತಂದಿದ್ದೇನೆ. ತಮ್ಮ ಓಲೆ, ಗಡಿಯಾರದ ಪಟ್ಟಿ, ಬೀಗದ ಕೈ ಪರೀಕ್ಷಿಸಬೇಕೆಂದವರು ಚಹಾದ ಹೊತ್ತಿನಲ್ಲಿ ಅವರ ಬಳಿ ಹೋಗಬಹುದು; ಶೀಶೆ ಅವರ ವಶದಲ್ಲಿರುತ್ತದೆ. ನನಗೆ ಈಗ ಹತ್ತು ನಿಮಿಷ ಅವಕಾಶ ಕೊಡಿ. ಹಿತ್ತಾಳೆಯ ಮೆಟ್ಟಿಲು ಬಿಳಿಯದಕ್ಕಿಂತ ಬೇಗ ಸವೆಯುತ್ತದೆ, ಮೇಲಿನ ಷಡ್ಜದ ಹತ್ತಿರ ಒಂದು ಸ್ವಲ್ಪ ಕುಣಿ ಬಿದ್ದಿದೆ; ಅಲ್ಲಿ ತಂತಿ ಚೂರು ಕಿರುಗುಟ್ಟಿದರೆ ತಾವು ಮನ್ನಿಸಬೇಕು. ಭೀಮಪಲಾಸಿಗೆ ಶ್ರುತಿ ಮಾಡುತ್ತೇನೆ.