ಮರಳಿಗಿಳಿಯುವ ಮೊದಲು ಗಾಳಿಯ ಲೆಕ್ಕ



ಚಳಿಗಾಲ ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಕಛ್ ರಣ್‌ಗೆ ಹೋಗುವ ಮಾತು ಶುರುವಾಗುತ್ತದೆ. ಕೆಲವರು ಧೋರ್ಡೋದ ಬಿಳಿ ರಣ್ ನೋಡಲು ಹೊರಟರೆ, ಕೆಲವರು ಧೋಲಾವೀರಾಕ್ಕೆ, ಇನ್ನು ಕೆಲವರು ಕಾಡುಕತ್ತೆಗಳನ್ನು ನೋಡಲು ದಸಾಡಾ ಕಡೆಯ ಚಿಕ್ಕ ರಣ್‌ಗೆ ಹೊರಡುತ್ತಾರೆ. ಉತ್ಸಾಹಿಗಳು ಜೈಸಲ್ಮೇರ್ ಬಳಿಯ ಸಮ್ ಮರಳುದಿಬ್ಬಗಳವರೆಗೂ ಹೋಗಿಬರುವುದುಂಟು. ಈಚಿನ ವರ್ಷಗಳಲ್ಲಿ ನಮ್ಮವರಲ್ಲೂ ಥಾರ್, ಜಿಮ್ನಿಯಂಥ ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿ ಕೊಂಡವರು ಹೆಚ್ಚಾಗಿದ್ದಾರೆ. ಅಂಥವರು ಗಾಡಿಯಲ್ಲಿ ಇಟ್ಟುಕೊಳ್ಳಬೇಕಾದ ಒಂದು ವಸ್ತುವಿನ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಟೈರಿಗೆ ಗಾಳಿ ತುಂಬುವ ಸಾಧನ.

ಗಾಳಿ ತುಂಬುವುದಕ್ಕೆ ಪೆಟ್ರೋಲ್ ಬಂಕ್ ಇದೆಯಲ್ಲ, ಅಲ್ಲಿ ದುಡ್ಡೂ ಕೊಡಬೇಕಿಲ್ಲ, ಮತ್ತೇಕೆ ಈ ಖರ್ಚು ಎಂದು ನೀವು ಕೇಳಬಹುದು. ಊರೊಳಗೆ ಓಡಾಡುವವರ ಮಟ್ಟಿಗೆ ಆ ಮಾತು ಸರಿ. ಆದರೆ ಮರಳಿಗೆ ಇಳಿಯುವವರು ಬೇಕೆಂದೇ ಗಾಳಿ ಬಿಡುತ್ತಾರೆ. ಅದನ್ನು ಮತ್ತೆ ತುಂಬಬೇಕಾದ ಜಾಗದಲ್ಲಿ ಬಂಕ್ ಇರುವುದಿಲ್ಲ. ನಮ್ಮ ವಿಷಯ ಹುಟ್ಟುವುದೇ ಇಲ್ಲಿ.

ಗಾಳಿ ಬಿಡುವುದೇಕೆ? ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ, ನೆಲಕ್ಕೆ ತಗಲುವ ಭಾಗ ಉದ್ದವಾಗುತ್ತದೆ. ಗಾಡಿಯ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗುವುದರಿಂದ ಚಕ್ರ ಹೂತುಹೋಗದೆ ಮೇಲೇ ಸಾಗುತ್ತದೆ. ಒಂಟೆಯ ಅಗಲವಾದ ಪಾದ ಮಾಡುವ ಕೆಲಸವೂ ಇದೇ. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ 1930ರ ಸುಮಾರಿನಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯನ್ನು ಸಾಧಾರಣ ಫೋರ್ಡ್ ಕಾರುಗಳಲ್ಲಿ ದಾಟಿದಾಗ ಅವನಿಗೆ ನೆರವಾದ ಉಪಾಯಗಳಲ್ಲಿ ಇದೂ ಒಂದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದವರು ನೀರು, ನೆಲ ಎರಡರಲ್ಲೂ ಓಡುವ ಡಕ್ ಎಂಬ ಲಾರಿಯಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಇಳಿಸುವ, ಏರಿಸುವ ಏರ್ಪಾಡು ಮಾಡಿದ್ದರು. ಬಿಟ್ಟ ಗಾಳಿಯನ್ನು ತಿರುಗಿ ತುಂಬುವುದೂ ಅಷ್ಟೇ ಮುಖ್ಯ ಎಂಬುದು ಅವರಿಗೆ ಗೊತ್ತಿತ್ತು.

ತುಂಬದಿದ್ದರೆ ಏನಾಗುತ್ತದೆ? ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿಗೂ ಬದಿಯಲ್ಲಿ ಮಡಚಿ ಬಿಚ್ಚುತ್ತದೆ. ಹಾಗೆ ಮಡಚಿದಷ್ಟೂ ರಬ್ಬರು ಒಳಗೊಳಗೇ ಕಾಯುತ್ತದೆ. ಮರಳಿನಲ್ಲಿ ಗಂಟೆಗೆ 20-30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇದರಿಂದ ತೊಂದರೆಯಿಲ್ಲ. ಆದರೆ ಅದೇ ಟೈರಿನಲ್ಲಿ ಡಾಂಬರು ರಸ್ತೆಗೆ ಹತ್ತಿ 80, 100ರ ವೇಗ ಹಿಡಿದರೆ ಬದಿಯ ಪದರ ಕಳಚಿ ಟೈರು ಸಿಡಿಯಬಹುದು. ಬ್ರೇಕು, ಸ್ಟೀರಿಂಗು ಕೂಡ ಹಿಡಿತಕ್ಕೆ ಸಿಗುವುದಿಲ್ಲ. ಭುಜ್‌ನಿಂದ ಅಹಮದಾಬಾದ್‌ಗೆ ಸುಮಾರು 330 ಕಿಲೋಮೀಟರ್. ವಡೋದರಾ, ಸೂರತ್‌ನವರಿಗೆ ಅದರ ಮೇಲೆ ಎಕ್ಸ್‌ಪ್ರೆಸ್‌ವೇ ಬೇರೆ ಇದೆ. ಅಲ್ಲಿ ಎಲ್ಲರೂ ನೂರರ ಆಸುಪಾಸಿನಲ್ಲೇ ಓಡಿಸುತ್ತಾರೆ. ಭಾನುವಾರ ರಾತ್ರಿ, ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುವಾಗ, ಮುಂದೆ ಎಲ್ಲಾದರೂ ಗಾಳಿ ಹಾಕಿಸಿದರಾಯಿತು ಎಂದು ಹೊರಡುವುದೇ ಅಪಾಯ. ಆದ್ದರಿಂದ ಒಂದು ಸೂತ್ರ ಇಟ್ಟುಕೊಳ್ಳಿ: ತಿರುಗಿ ತುಂಬುವ ಸಾಧನ ಕೈಯಲ್ಲಿಲ್ಲದಿದ್ದರೆ ಗಾಳಿ ಬಿಡಬೇಡಿ.

ಈಗ ಸಾಧನದ ಆಯ್ಕೆ. ಅಂಗಡಿಯವನು ಪೆಟ್ಟಿಗೆಯ ಮೇಲೆ 150 ಪಿಎಸ್‌ಐ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ತೋರಿಸುತ್ತಾನೆ. ಪಂಕ್ಚರ್ ಅಂಗಡಿಯವರು ಪಾಯಿಂಟ್ ಎನ್ನುವುದೂ ಈ ಪಿಎಸ್‌ಐಯನ್ನೇ. ನಮ್ಮ ಟೈರಿಗೆ ಬೇಕಾಗಿರುವುದು 30-35 ಪಾಯಿಂಟ್. ಹಾಗಾಗಿ 150 ಎಂಬ ಅಂಕಿಗೆ ಮರುಳಾಗಬೇಡಿ. ನೀವು ಕೇಳಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂದು.

ಒಂದು ಸಣ್ಣ ಲೆಕ್ಕ ಮಾಡೋಣ. ಥಾರ್‌ಗೆ ಬರುವ 18 ಇಂಚಿನ ದೊಡ್ಡ ಟೈರಿನೊಳಗೆ ಸುಮಾರು 60 ಲೀಟರ್ ಜಾಗವಿದೆ. ಹೊರಗಿನ ಗಾಳಿಯ ಒತ್ತಡವೇ ಹತ್ತಿರ ಹತ್ತಿರ 15 ಪಾಯಿಂಟ್. ಆದ್ದರಿಂದ ಟೈರಿನ ಒತ್ತಡವನ್ನು 15 ಪಾಯಿಂಟ್ ಏರಿಸಬೇಕಾದರೆ ಇನ್ನೊಂದು ಟೈರು ಹಿಡಿಸುವಷ್ಟು ಹೊರಗಿನ ಗಾಳಿಯನ್ನು ಒಳಗೆ ತಳ್ಳಬೇಕು. ಮರಳಿಗೆಂದು 18ಕ್ಕೆ ಇಳಿಸಿದ್ದನ್ನು 32ಕ್ಕೆ ತರಬೇಕೆಂದರೆ ಒಂದು ಟೈರಿಗೆ 57 ಲೀಟರ್, ನಾಲ್ಕಕ್ಕೆ ಸುಮಾರು 230 ಲೀಟರ್ ಗಾಳಿ ಬೇಕು. ಅದೇ ಒಂದು ಸಣ್ಣ ಕಾರಿನ ಟೈರಿಗೆ ಎರಡು ಮೂರು ಪಾಯಿಂಟ್ ಸೇರಿಸಲು ಐದಾರು ಲೀಟರ್ ಸಾಕು. ಎರಡಕ್ಕೂ ಸಾಧನ ಒಂದೇ ಆಗಲಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದೊಂದಾಗಿ ನೋಡೋಣ. ಮೊದಲನೆಯದು ಕಾಲಿನಲ್ಲಿ ತುಳಿಯುವ ಪಂಪು. ಬೆಲೆ ಕೆಲವು ನೂರು ರೂಪಾಯಿ. ವಿದ್ಯುತ್ ಬೇಡ, ಕೆಡುವ ಭಾಗ ಕಡಿಮೆ. ಆದರೆ ದೊಡ್ಡ ಟೈರು ಒಂದಕ್ಕೇ ನೂರೈವತ್ತರಿಂದ ಇನ್ನೂರು ಸಲ ತುಳಿಯಬೇಕಾಗುತ್ತದೆ. ನಾಲ್ಕು ಟೈರಿಗೆ ಎಂದರೆ ಆರೇಳುನೂರು ಸಲ. ಇದನ್ನೇ ನಂಬಿ ಹೋಗುವುದು ಬೇಡ, ಆದರೆ ಬೇರೆಲ್ಲ ಕೈಕೊಟ್ಟಾಗ ಇರಲಿ ಎಂದು ಸೀಟಿನಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಸಿಗರೇಟು ಲೈಟರಿನ ಕಿಂಡಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಕಂಪ್ರೆಸರ್. ಒಂದೂವರೆ ಸಾವಿರದಿಂದ ಮೂರು ಸಾವಿರದೊಳಗೆ ಸಿಗುತ್ತದೆ. ನಿಜವಾಗಿ ಕೊಡುವ ಗಾಳಿ ನಿಮಿಷಕ್ಕೆ 10-15 ಲೀಟರ್ ಎಂದು ಹಿಡಿದರೆ ನಾಲ್ಕು ದೊಡ್ಡ ಟೈರಿಗೆ ಹದಿನೈದು ಇಪ್ಪತ್ತು ನಿಮಿಷ, ಜೊತೆಗೆ ನಡುನಡುವೆ ಅದನ್ನು ಆರಿಸುವ ಹೊತ್ತು ಬೇರೆ. ಈ ಕಿಂಡಿಗೆ ಹೆಚ್ಚಿನ ಗಾಡಿಗಳಲ್ಲಿ 10 ಅಥವಾ 15 ಆಂಪಿಯರಿನ ಫ್ಯೂಸು ಇರುತ್ತದೆ. 12 ವೋಲ್ಟಿಗೆ 10 ಆಂಪಿಯರ್ ಎಂದರೆ 120 ವ್ಯಾಟ್. ಅದಕ್ಕಿಂತ ಹೆಚ್ಚು ಎಳೆಯುವ ಯಂತ್ರ ಸಿಕ್ಕಿಸಿದರೆ ಫ್ಯೂಸು ಹೋಗುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಯುಎಸ್‌ಬಿ ಕಿಂಡಿ ಬಿಟ್ಟರೆ ಬೇರೆ ಇರುವುದೇ ಇಲ್ಲ. ಕೊಳ್ಳುವ ಮೊದಲು ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿ.

ಮೂರನೆಯದು ಈಗ ಎಲ್ಲೆಡೆ ಕಾಣುವ, ಮೊಬೈಲಿನಂತೆ ಚಾರ್ಜ್ ಮಾಡುವ ಪುಟ್ಟ ಯಂತ್ರ. ಕೈಚೀಲದಲ್ಲಿ ಹಿಡಿಸುತ್ತದೆ, ಹೇಳಿದ ಒತ್ತಡಕ್ಕೆ ತಾನೇ ನಿಲ್ಲುತ್ತದೆ. ಸ್ಕೂಟರು, ಸೈಕಲ್ಲು, ಸಣ್ಣ ಕಾರಿಗೆ ಇದು ಬಹಳ ಅನುಕೂಲ. ಆದರೆ ಇದರ ಬ್ಯಾಟರಿಯಲ್ಲಿರುವ ಶಕ್ತಿ ನಾಲ್ಕು ದೊಡ್ಡ ಟೈರಿಗೆ ಸಾಕಾಗದೇ ಹೋಗಬಹುದು. ಮೂರನೆಯ ಟೈರಿನಲ್ಲಿ ನಿಂತರೆ ನಾಲ್ಕನೆಯದಕ್ಕೆ ಯಾರನ್ನು ಕೇಳುವುದು? ಇನ್ನೊಂದು ಮಾತು. ಲಿಥಿಯಂ ಬ್ಯಾಟರಿಗೆ ಸೆಖೆ ಆಗದು. ಮೇ ತಿಂಗಳಲ್ಲಿ ಅಹಮದಾಬಾದ್‌ನ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇದನ್ನು ಬಿಟ್ಟುಬರಬೇಡಿ.

ನಾಲ್ಕನೆಯದು ಗಾಡಿಯ ಬ್ಯಾಟರಿಗೇ ನೇರವಾಗಿ ಕ್ಲಿಪ್ಪು ಹಾಕಿ ಓಡಿಸುವ ಭಾರೀ ಕಂಪ್ರೆಸರ್. ತೂಕ ನಾಲ್ಕೈದು ಕಿಲೋ ಅಥವಾ ಹೆಚ್ಚು, ಬೆಲೆಯೂ ಹೆಚ್ಚು. ನಿಮಿಷಕ್ಕೆ 40 ಲೀಟರ್ ನಿಜವಾಗಿ ಕೊಟ್ಟರೂ ನಮ್ಮ 230 ಲೀಟರಿನ ಕೆಲಸ ಆರು ನಿಮಿಷದಲ್ಲಿ ಮುಗಿಯುತ್ತದೆ. ಎಂಜಿನ್ ಚಾಲೂ ಇಟ್ಟೇ ಇದನ್ನು ಓಡಿಸಬೇಕು, ಇಲ್ಲವಾದರೆ ಟೈರಿಗೆ ಗಾಳಿ ತುಂಬಿ ಬ್ಯಾಟರಿ ಖಾಲಿ ಮಾಡಿಕೊಂಡಂತಾಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಮರಳಿಗೆ ಇಳಿಯುವವರಿಗೆ ನನ್ನ ಸಲಹೆ ಇದೇ. ಇದನ್ನೇ ಬಾನೆಟ್ಟಿನಡಿ ಶಾಶ್ವತವಾಗಿ ಕೂರಿಸುವವರೂ ಇದ್ದಾರೆ. ತಿಂಗಳಿಗೊಮ್ಮೆ ಹೋಗುವವರಿಗಲ್ಲದೆ ಉಳಿದವರಿಗೆ ಆ ಖರ್ಚು ಬೇಕಿಲ್ಲ. ಕೂರಿಸುವ ಮುನ್ನ ಗಾಡಿಯ ವಾರಂಟಿಗೆ ಏನೂ ಆಗುವುದಿಲ್ಲವೆಂದು ಕೇಳಿ ತಿಳಿದುಕೊಳ್ಳಿ.

ಗಾಳಿ ತುಂಬಿದ ಟ್ಯಾಂಕನ್ನೇ ಒಯ್ದರಾಗದೇ ಎಂದು ಕೆಲವರು ಕೇಳುತ್ತಾರೆ. ಹತ್ತು ಲೀಟರಿನ ಟ್ಯಾಂಕಿಗೆ ಎಂಟು ಬಾರ್ ಒತ್ತಡದಲ್ಲಿ ತುಂಬಿದರೂ ಟೈರಿಗೆ ಸಿಗುವುದು 60 ಲೀಟರಿನಷ್ಟು, ಅಂದರೆ ಒಂದೇ ಟೈರಿಗೆ. ವಿದೇಶದಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರು ಬಳಸುವವರಿದ್ದಾರೆ. ನಾಲ್ಕೂವರೆ ಕಿಲೋ ಅನಿಲದಿಂದ ಲೆಕ್ಕದ ಮಟ್ಟಿಗೆ ಎರಡು ಸಾವಿರ ಲೀಟರಿಗೂ ಹೆಚ್ಚು ಸಿಗುತ್ತದೆ, ಕೆಲಸವೂ ಬೇಗ. ಆದರೆ 31 ಡಿಗ್ರಿ ದಾಟಿದ ಮೇಲೆ ಆ ಅನಿಲ ದ್ರವವಾಗಿ ಉಳಿಯುವುದಿಲ್ಲ. ಸೆಖೆ ಏರಿದಂತೆ ಸಿಲಿಂಡರಿನ ಒತ್ತಡ ತೀವ್ರವಾಗಿ ಏರುತ್ತದೆ. ಮುಚ್ಚಿದ ಗಾಡಿಯೊಳಗೆ ಸೋರಿದರೆ ಉಸಿರುಗಟ್ಟುತ್ತದೆ. ಗುಜರಾತಿನ ಬಿಸಿಲಿನಲ್ಲಿ, ಹೆಂಡತಿ ಮಕ್ಕಳು ಕೂತ ಗಾಡಿಯಲ್ಲಿ ಅದು ಬೇಡ. ಇನ್ನು ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನಾಗಲಿ, ಅಡುಗೆ ಅನಿಲವನ್ನಾಗಲಿ ಟೈರಿಗೆ ಹಾಕುವ ಯೋಚನೆಯನ್ನೂ ಮಾಡಬೇಡಿ. ಅದು ಜೀವಕ್ಕೇ ಸಂಚಕಾರ.

ಅಂಗಡಿಯಲ್ಲಿ ನಿಂತಾಗ ಇನ್ನೂ ಐದು ಸಂಗತಿ ನೆನಪಿರಲಿ. ಒಂದು, ತಂತಿ ಮತ್ತು ಪೈಪು ಸೇರಿ ಹಿಂದಿನ ಚಕ್ರಗಳಿಗೂ ಮುಟ್ಟಬೇಕು. ಎರಡು, ಎಷ್ಟು ನಿಮಿಷ ಎಡೆಬಿಡದೆ ಓಡಬಹುದು, ಎಷ್ಟು ಹೊತ್ತು ಆರಿಸಬೇಕು ಎಂದು ಬರೆದಿರುತ್ತದೆ, ಅದನ್ನು ಓದಿ. ಬಿಸಿಯಾದಾಗ ತಾನೇ ನಿಲ್ಲುವ ಏರ್ಪಾಡು ಇದ್ದರೆ ಉತ್ತಮ. ಮೂರು, ವಾಲ್ವಿಗೆ ಹಿಡಿಯುವ ತುದಿ ಹಿತ್ತಾಳೆಯದಾಗಿರಲಿ, ಪ್ಲಾಸ್ಟಿಕ್ಕಿನದು ಬಿಸಿಗೆ ಸಡಿಲವಾಗುತ್ತದೆ. ನಾಲ್ಕು, ಗಾಳಿ ಎಳೆದುಕೊಳ್ಳುವ ಕಡೆ ತೊಳೆಯಲು ಬರುವ ಫಿಲ್ಟರು ಇರಲಿ. ರಣ್‌ನ ಉಪ್ಪು ಬೆರೆತ ದೂಳು ಒಳಹೊಕ್ಕರೆ ಪಿಸ್ಟನ್ನು ಸವೆಯುತ್ತದೆ. ಐದು, ಒತ್ತಡ ಅಳೆಯುವ ಗೇಜು ಬೇರೆಯಾಗಿ ಒಂದು ಇರಲಿ. ಯಂತ್ರದ ಮೇಲಿನ ಗೇಜು ಓಡುತ್ತಿರುವಾಗ ಸರಿಯಾಗಿ ತೋರಿಸುವುದಿಲ್ಲ.

ತಂದ ಮೇಲೆ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಭಾನುವಾರ ಬೆಳಿಗ್ಗೆ ಸೊಸೈಟಿಯ ಅಂಗಳದಲ್ಲಿ ಒಂದು ಟೈರನ್ನು 18ಕ್ಕೆ ಇಳಿಸಿ, 32ಕ್ಕೆ ಏರಿಸಿ, ಗಡಿಯಾರ ನೋಡಿ. ಆ ಸಮಯವನ್ನು ನಾಲ್ಕರಿಂದ ಗುಣಿಸಿದರೆ ಕತ್ತಲಾಗುವ ಎಷ್ಟು ಮೊದಲು ಮರಳಿನಿಂದ ಹೊರಬರಬೇಕೆಂದು ತಿಳಿಯುತ್ತದೆ. ರಣ್‌ನಲ್ಲಿ ಮೊದಲ ಸಲ ಪೆಟ್ಟಿಗೆ ಬಿಚ್ಚುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು? ಏರಿಸುವ ಅಂಕಿ ನಿಮ್ಮ ಗಾಡಿಯ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ. ನಾನು ಹೇಳಿದ 32 ಲೆಕ್ಕಕ್ಕೆ ಹಿಡಿದದ್ದು ಮಾತ್ರ. ಇಳಿಸುವಾಗ 18-20ಕ್ಕೆ ನಿಲ್ಲಿಸಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟೈರು ಬಿಸಿಯಿದ್ದಾಗ ಗೇಜು ಹೆಚ್ಚು ತೋರಿಸುತ್ತದೆ, ಐದಾರು ಡಿಗ್ರಿಗೆ ಒಂದು ಪಾಯಿಂಟಿನಷ್ಟು. ಆದ್ದರಿಂದ ಸಂಜೆ ತುಂಬಿದ್ದನ್ನು ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. ಕಛ್‌ನ ಚಳಿಗಾಲದ ಬೆಳಗು ಎಷ್ಟು ತಣ್ಣಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಮೂರೂ ಊರಿನವರಿಗೆ ಒಂದೊಂದು ಮಾತು. ಅಹಮದಾಬಾದ್‌ನವರಿಗೆ ಚಿಕ್ಕ ರಣ್ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ. ಅದು ಕಾಡುಕತ್ತೆಗಳ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರ ಜೊತೆಗೇ ಹೋಗಬೇಕು. ಮೇಲೆ ಒಣಗಿದಂತೆ ಕಾಣುವ ಉಪ್ಪಿನ ಹೆಪ್ಪಳಿಕೆಯ ಕೆಳಗೆ ಕೆಸರಿರುತ್ತದೆ. ಅದರೊಳಗೆ ಚಕ್ರ ಇಳಿದರೆ ಗಾಳಿ ಬಿಡುವುದರಿಂದಲೂ ಪ್ರಯೋಜನವಿಲ್ಲ. ವಡೋದರಾದವರು ಎಕ್ಸ್‌ಪ್ರೆಸ್‌ವೇ ಹತ್ತುವ ಮುನ್ನ ಗೇಜು ಹಿಡಿದು ನಾಲ್ಕೂ ಟೈರು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸೂರತ್‌ನವರಿಗೆ ಡುಮಸ್, ಸುವಾಲಿಯ ಕಡಲತೀರ ಹತ್ತಿರ. ಆದರೆ ಖಂಭಾತ್ ಕೊಲ್ಲಿಯ ಭರತ ಇಳಿತ ದೇಶದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ನೀರು ಏರುವ ವೇಗದ ಮುಂದೆ ಯಾವ ಕಂಪ್ರೆಸರೂ ನಿಲ್ಲದು. 2024ರ ಜೂನ್‌ನಲ್ಲಿ ಕಛ್‌ನ ಮುಂದ್ರಾ ಬಳಿಯ ಕಡಲಿಗೆ ರೀಲ್ ತೆಗೆಯಲೆಂದು ಇಳಿಸಿದ ಎರಡು ಥಾರ್‌ಗಳು ನೀರಿನಲ್ಲಿ ಸಿಕ್ಕಿಕೊಂಡು, ಪೊಲೀಸರು ಕೇಸು ಹಾಕಿದ್ದನ್ನು ನೀವು ಓದಿರಬಹುದು. ಕಡಲತೀರಕ್ಕೆ ಕಾಲ್ನಡಿಗೆಯಲ್ಲೇ ಹೋಗೋಣ.

ಇನ್ನು ದೊಡ್ಡ ಗಾಡಿ ಇಲ್ಲದವರಿಗೂ ಒಂದು ಮಾತು. ಟೈರಿನ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ನಿಮ್ಮ ಹೊಸ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಬದಲು ಪುಟ್ಟ ಕಂಪ್ರೆಸರ್ ಇದೆಯೇ ಎಂದು ಇಂದೇ ನೋಡಿ. ಇದ್ದರೆ ಅದನ್ನು ಬಳಸುವುದನ್ನು ನೀವೂ ಕಲಿಯಿರಿ, ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೂ ಕಲಿಸಿ.

ಈ ಚಳಿಗಾಲದಲ್ಲಿ ಬಿಳಿ ರಣ್‌ನ ಬೆಳದಿಂಗಳು ನೋಡಿ ಬನ್ನಿ. ಡಾಂಬರು ರಸ್ತೆ ಸಿಕ್ಕ ಜಾಗದಲ್ಲಿ ಗಾಡಿ ಬದಿಗೆ ನಿಲ್ಲಿಸಿ, ಹದಿನೈದು ನಿಮಿಷ ಕೊಟ್ಟು, ನಾಲ್ಕೂ ಟೈರಿಗೆ ಗಾಳಿ ತುಂಬಿಕೊಂಡೇ ಮನೆಯ ದಾರಿ ಹಿಡಿಯಿರಿ.