ನಗಿಸಿದ ದನಿಗೆ ನಮಸ್ಕಾರ
(ದೇರಾದ ನಮ್ಮ ಕೂಟದಲ್ಲಿ ಆಡಿದ ಮಾತು)



2022ರ ಫೆಬ್ರವರಿ 22ರಂದು ಬೆಂಗಳೂರಿನಲ್ಲಿ ಆರ್‌ಜೆ ರಚನಾ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 39. ರೇಡಿಯೋ ಮಿರ್ಚಿ 98.3ರಲ್ಲಿ ನಮ್ಮನ್ನೆಲ್ಲ ನಗಿಸಿದ ‘ಪೋರಿ ಟಪೋರಿ’ ರಚನಾ. ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ ಸಿನಿಮಾದಲ್ಲೂ ನಟಿಸಿದ್ದರು.

ಐಟಿಐ ಮುಗಿಸಿ ಬೆಂಗಳೂರಿನ ಸೈಟುಗಳಲ್ಲಿ ವೈರಿಂಗ್ ಮಾಡ್ತಿದ್ದಾಗ ನನ್ನ ಹತ್ರ ಇದ್ದಿದ್ದು ಚಿಕ್ಕ ಮೊಬೈಲು. ಇಯರ್‌ಫೋನ್ ಸಿಕ್ಕಿಸಿದರೆ ಆ ವೈರೇ ಆಂಟೆನಾ. ಪೈಪಿನೊಳಗೆ ವೈರ್ ಎಳೀತಾ ಒಬ್ಬನೇ ನಗ್ತಿದ್ದೆ. ಪುಸ್ತಕದ ಕನ್ನಡ ಅಲ್ಲ ಅದು, ಬಸ್‌ಸ್ಟಾಂಡಿನ ಕನ್ನಡ. ಪಕ್ಕದ ಮನೆಯವರು ಕಾಲೆಳೆದ ಹಾಗೆ. ಇಲ್ಲಿಗೆ ಆ ಎಫ್‌ಎಂ ಎಟುಕಲ್ಲ. ದನಿ ಮಾತ್ರ ಕಿವಿಯಲ್ಲೇ ಉಳಿದಿದೆ.

ಅವರಿಗಾಗಿ ಒಂದು ನಿಮಿಷ ಎದ್ದು ನಿಲ್ಲೋಣ. ಆದರೆ ಅಷ್ಟಕ್ಕೇ ಬಿಡೋದು ಬೇಡ. ನಮ್ಮ ರೂಮುಗಳಲ್ಲಿ ಯಾರಾದರೂ ಎದೆನೋವು ಅಂದ್ರೆ ‘ಗ್ಯಾಸ್ ಕಣೋ, ಸೋಡಾ ಕುಡಿ’ ಅಂತೀವಿ. ಒಂದು ದಿನದ ಸಂಬಳ ಹೋಗುತ್ತೆ ಅಂತ ಸುಮ್ಮನಾಗ್ತೀವಿ. ಎಂಸಿಬಿ ಟ್ರಿಪ್ ಆದರೆ ಕಾರಣ ಹುಡುಕದೆ ಮತ್ತೆ ಎತ್ತಬಾರದು ಅಂತ ನಮಗೆ ಗೊತ್ತು. ಎದೆಗೂ ಅದೇ ಲೆಕ್ಕ. ಎದೆ ಹಿಡಿದುಕೊಂಡು ಬೆವರು ಕಿತ್ತರೆ, ಕೈಗೆ ನೋವು ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಇಲ್ಲಿ ಆಂಬುಲೆನ್ಸ್ ನಂಬರು 998. ಇವತ್ತೇ ಫೋನಿಗೆ ಹಾಕಿಕೊಳ್ಳಿ.

ಊರಲ್ಲಿ ನಮ್ಮ ದನಿಗೂ ಕಾಯೋರಿದ್ದಾರೆ.