ಕೆಂಡದೊಲೆಯ ಶುಚಿತ್ವ ಮತ್ತು ಕುಟುಂಬದ ಆರೋಗ್ಯ
(ಕೊಡಗಿನ ಗ್ರಾಮೀಣ ದಂಪತಿಗಳಿಗಾಗಿ ಒಂದು ಭಾಷಣ)



ಕೆಂಡದ ಮೇಲೆ ಮಾಂಸವನ್ನು ಸುಡುವುದು, ಒಲೆಯ ಮೇಲಣ ಹೊಗೆಯಲ್ಲಿ ಅದನ್ನು ಒಣಗಿಸಿ ಮಳೆಗಾಲಕ್ಕೆ ಕಾದಿರಿಸುವುದು ಕೊಡಗಿನ ಮನೆಗಳಲ್ಲಿ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಇದರೊಡನೆ ಈಗ ಹೊಸದೊಂದು ಉಪಕರಣವೂ ಬಳಕೆಗೆ ಬಂದಿದೆ. ಕಬ್ಬಿಣದ ತೊಟ್ಟಿಯಲ್ಲಿ ಇದ್ದಿಲನ್ನು ಉರಿಸಿ, ಅದರ ಮೇಲೆ ಸರಳುಗಳ ಜಾಲರಿಯನ್ನಿಟ್ಟು ಮಾಂಸ, ಮೀನು, ತರಕಾರಿಗಳನ್ನು ಸುಡುವ ಈ ಒಲೆಗೆ ಬಾರ್ಬೆಕ್ಯೂ ಎಂದು ಹೆಸರು. ಪ್ರವಾಸಿಗರು ತಂಗುವ ಹೋಂ ಸ್ಟೇಗಳಲ್ಲಿ ಕಾಣುತ್ತಿದ್ದ ಇದು ಈಗ ಸಾಮಾನ್ಯ ಬೆಳೆಗಾರರ ಅಂಗಳಕ್ಕೂ ಬಂದಿದೆ. ನಾವು ಇದನ್ನು ಕೆಂಡದೊಲೆ ಎಂದು ಕರೆಯೋಣ.

ಹಬ್ಬದ ದಿನ ಕೆಂಡದೊಲೆಯನ್ನು ಹೊತ್ತಿಸಲು ಎಲ್ಲರಿಗೂ ಉತ್ಸಾಹ. ಊಟವಾದ ಮೇಲೆ ಮಾತ್ರ ಅದರ ಬಳಿ ಯಾರೂ ಸುಳಿಯುವುದಿಲ್ಲ. ಜಿಡ್ಡು ಹಿಡಿದ ಜಾಲರಿ, ಆರದ ಕೆಂಡ, ಬೂದಿ ತುಂಬಿದ ತೊಟ್ಟಿ, ಇವೆಲ್ಲ ಅಂಗಳದಲ್ಲಿಯೇ ಉಳಿಯುತ್ತವೆ. ಇದು ಕೇವಲ ಅಂದಗೇಡಿನ ವಿಷಯವಲ್ಲ. ಕುಟುಂಬದ ಆರೋಗ್ಯ, ಕೆಲವೊಮ್ಮೆ ಪ್ರಾಣವೂ ಇದನ್ನು ಅವಲಂಬಿಸಿರುತ್ತದೆ. ಆದುದರಿಂದ ಕೆಂಡದೊಲೆಯ ಶುಚಿತ್ವ ಹಾಗೂ ಸಂರಕ್ಷಣೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ಕಬ್ಬಿಣವನ್ನು ಕಾಪಾಡುವ ವಿದ್ಯೆ ಕೊಡಗಿನವರಿಗೆ ಹೊಸದಲ್ಲ. ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್ ಮುಹೂರ್ತದಲ್ಲಿ ಕೋವಿ, ಕತ್ತಿಗಳನ್ನು ಒರೆಸಿ, ಶುಚಿಗೊಳಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವುದು ವಾಡಿಕೆ. ಕೋವಿಯ ನಳಿಗೆಗೆ ತುಕ್ಕು ತಾಗಲು ಬಿಡದ ಮನೆಯವರು, ತಮ್ಮ ಮಕ್ಕಳು ತಿನ್ನುವ ಆಹಾರವನ್ನಿಡುವ ಜಾಲರಿಗೂ ಅದೇ ಗಮನವನ್ನು ಕೊಡುವುದು ಉಚಿತವಲ್ಲವೆ?

ಮೊದಲನೆಯದಾಗಿ, ಒಲೆಯ ಆಯ್ಕೆ. ಅನೇಕರು ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ ಕೆಂಡದೊಲೆಯನ್ನು ಮಾಡಿಸಿಕೊಳ್ಳುತ್ತಾರೆ. ತೋಟದ ಕೀಟನಾಶಕ, ಕಳೆನಾಶಕಗಳನ್ನು ತುಂಬಿದ್ದ ಡ್ರಮ್ಮನ್ನು ಈ ಕೆಲಸಕ್ಕೆ ಎಂದಿಗೂ ಬಳಸಕೂಡದು. ಎಷ್ಟು ಸಲ ತೊಳೆದರೂ ಅದು ಆಹಾರಕ್ಕೆ ಯೋಗ್ಯವಾಗುವುದಿಲ್ಲ. ಬೇಲಿಗೆ ಬಳಸುವ ಸತುವಿನ ಲೇಪದ ತಂತಿಬಲೆಯೂ ಸಲ್ಲದು. ಅತಿಯಾದ ಶಾಖಕ್ಕೆ ಸತುವು ಹೊಗೆಯಾಗಿ ಹೊರಟು ಜ್ವರ, ಕೆಮ್ಮುಗಳನ್ನು ಉಂಟುಮಾಡಬಲ್ಲದು. ಲೇಪವಿಲ್ಲದ ದಪ್ಪ ಕಬ್ಬಿಣದ ಸರಳು ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯೇ ಕ್ಷೇಮಕರ.

ಎರಡನೆಯದು, ಕೆಂಡವನ್ನು ಆರಿಸುವುದು. ಶುಚಿಗೊಳಿಸುವ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ಮುಚ್ಚಳವಿರುವ ಒಲೆಯಾದರೆ ಗಾಳಿಯ ಕಿಂಡಿಗಳನ್ನೆಲ್ಲ ಮುಚ್ಚಿಬಿಡಬೇಕು. ಗಾಳಿಯಿಲ್ಲದೆ ಕೆಂಡ ತಾನಾಗಿ ನಂದುತ್ತದೆ, ಉಳಿದ ಇದ್ದಿಲು ಮುಂದಿನ ಬಾರಿಗೆ ಒದಗುತ್ತದೆ. ಮುಚ್ಚಳವಿಲ್ಲದಿದ್ದರೆ ಕೆಂಡವನ್ನು ಸಲಿಕೆಯಿಂದ ಕಬ್ಬಿಣದ ಬಕೀಟಿಗೆ ತುಂಬಿ, ದೂರ ನಿಂತು ಸ್ವಲ್ಪಸ್ವಲ್ಪವಾಗಿ ನೀರು ಚಿಮುಕಿಸಿ ಆರಿಸಬೇಕು. ಕಾದ ತೊಟ್ಟಿಗೆ ಒಮ್ಮೆಲೇ ಕೊಡದಷ್ಟು ನೀರು ಸುರಿದರೆ ಬಿಸಿಯಾವಿ ಮುಖಕ್ಕೆ ಬಡಿಯುತ್ತದೆ, ಎರಕದ ಕಬ್ಬಿಣವು ಬಿರುಕು ಬಿಡುವುದೂ ಉಂಟು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಡುಗೆಯಾದ ಮೇಲೆ ಉಳಿದ ಕೆಂಡ ವ್ಯರ್ಥವಾಗುವುದೇಕೆಂದು ಅದನ್ನು ಅಗ್ಗಿಷ್ಟಿಕೆಗೆ ತುಂಬಿ ಮಲಗುವ ಕೋಣೆಗೆ ಒಯ್ಯುವವರಿದ್ದಾರೆ. ಬಾಣಂತಿಗೂ ಹಸುಗೂಸಿಗೂ ಬೆಚ್ಚಗಿರಲೆಂದು, ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಮಂಚದ ಪಕ್ಕದಲ್ಲಿ ಕೆಂಡವನ್ನಿಡುವವರೂ ಇದ್ದಾರೆ. ಪ್ರೀತಿಯಿಂದ ಮಾಡುವ ಈ ಉಪಚಾರವು ಪ್ರಾಣಕ್ಕೇ ಎರವಾಗಬಹುದು. ಹೊಗೆಯಾಡದ ಕೆಂಡ ನಿರಪಾಯವೆಂಬ ನಂಬಿಕೆ ಸರಿಯಲ್ಲ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣ್ಣನ್ನು ಉರಿಸುವುದಿಲ್ಲ, ಕೆಮ್ಮನ್ನು ತರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲಪುವುದಿಲ್ಲ. ಗರ್ಭಿಣಿಯು ಇದನ್ನು ಸೇವಿಸಿದರೆ ಗರ್ಭದಲ್ಲಿರುವ ಶಿಶುವಿಗೂ ಅಪಾಯ ತಪ್ಪಿದ್ದಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲುಗಳಲ್ಲಿ ನಿಶ್ಶಕ್ತಿ, ಮಂಪರು, ಇವು ಈ ವಿಷದ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಈ ಮುನ್ಸೂಚನೆಯೂ ದೊರೆಯದೆ ಹೋಗಬಹುದು. ಯಾರಾದರೂ ಹೀಗೆ ಅಸ್ವಸ್ಥರಾದುದು ಕಂಡರೆ ಕೂಡಲೆ ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಬಯಲಿನ ಗಾಳಿಗೆ ಕರೆತಂದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಆಮ್ಲಜನಕವನ್ನು ಕೊಡುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಮನೆಮದ್ದಿನಲ್ಲಿ ಕಾಲಹರಣ ಮಾಡಬಾರದು.

ಹಾಗಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ ಎಂದು ತಾವು ಕೇಳಬಹುದು. ತಾಯಿಯ ಎದೆಯೇ ಕೂಸಿಗೆ ಉತ್ತಮ ಶಾಖ. ಮಗುವನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಒರಗಿಸಿ, ಇಬ್ಬರಿಗೂ ಸೇರಿಸಿ ಕಂಬಳಿ ಹೊದಿಸಬೇಕು. ಮಗುವಿನ ಮುಖವನ್ನು ಮಾತ್ರ ಮುಚ್ಚಬಾರದು. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ ಹಾಕಬೇಕು. ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಸ್ನಾನ ಮಾಡಿಸದಿರುವುದು ಲೇಸು. ತಂದೆಯೂ ಮಗುವನ್ನು ಹೀಗೆಯೇ ಎದೆಗಪ್ಪಿ ಬೆಚ್ಚಗಿಡಬಹುದು.

ಮಳೆ ಬಂತೆಂದು ಉರಿಯುವ ಕೆಂಡದೊಲೆಯನ್ನು ಅಡುಗೆಮನೆಗೆ, ಗೋದಾಮಿಗೆ ಅಥವಾ ಮುಚ್ಚಿದ ಶೆಡ್ಡಿಗೆ ಎಳೆದುಕೊಳ್ಳುವುದೂ ಇದೇ ಕಾರಣಕ್ಕಾಗಿ ಅಪಾಯಕರ. ನಾಲ್ಕು ಕಡೆಯೂ ತೆರೆದಿರುವ ಎತ್ತರದ ಚಪ್ಪರವಿದ್ದರೆ ಮಾತ್ರ ಅದರಡಿ ಸುಡಬಹುದು.

ಮೂರನೆಯದು, ಜಾಲರಿಯನ್ನು ಶುಚಿಗೊಳಿಸುವ ಕ್ರಮ. ಹಿಂದಿನ ಸಲದ ಜಿಡ್ಡು ಮತ್ತೆ ಬೆಂಕಿಗೆ ಬಿದ್ದು ಉರಿದಾಗ ದಟ್ಟವಾದ ಹೊಗೆ ಎದ್ದು, ಅದರ ಮಸಿ ಆಹಾರಕ್ಕೆ ಅಂಟುತ್ತದೆ. ಇಂಥ ಮಸಿಯಲ್ಲಿ ಆರೋಗ್ಯಕ್ಕೆ ಹಾನಿಕರವಾದ ವಸ್ತುಗಳಿರುತ್ತವೆ. ಅಲ್ಲದೆ ಅಂಟಿದ ಮಾಂಸದ ಚೂರುಗಳಿಗೆ ಇಲಿ, ಜಿರಳೆ, ನೊಣಗಳು ಮುತ್ತುತ್ತವೆ. ಜಾಲರಿ ಪೂರ್ಣ ತಣ್ಣಗಾಗುವ ಮೊದಲು, ಕೈಗೆ ಉಗುರುಬೆಚ್ಚಗಿರುವಾಗಲೇ ಮರದ ಚಕ್ಕೆಯಿಂದ ಕೆರೆದರೆ ಜಿಡ್ಡು ಸುಲಭವಾಗಿ ಬಿಡುತ್ತದೆ. ಮರುದಿನಕ್ಕೆ ಬಿಟ್ಟರೆ ಶ್ರಮ ಇಮ್ಮಡಿ. ಅನಂತರ ಬಿಸಿನೀರು ಮತ್ತು ಸೋಪಿನಿಂದ, ತೆಂಗಿನ ನಾರನ್ನು ಹಿಡಿದು ಪ್ರತಿಯೊಂದು ಸರಳನ್ನೂ ಉಜ್ಜಬೇಕು. ಜಿಡ್ಡು ಗಟ್ಟಿಯಾಗಿದ್ದರೆ ಸೌದೆಯ ಬೂದಿಯನ್ನು ನೀರಿನಲ್ಲಿ ಕಲಸಿ ಹಚ್ಚಿ ಅರ್ಧ ಗಂಟೆ ಬಿಡಬಹುದು. ಬೂದಿಯ ಕ್ಷಾರವು ಜಿಡ್ಡನ್ನು ಕರಗಿಸುತ್ತದೆ. ಅದು ಚರ್ಮವನ್ನೂ ಕೊರೆಯುವುದರಿಂದ ಕೈಗವಸು ಹಾಕಿಕೊಳ್ಳುವುದು ಒಳಿತು. ಅಲ್ಯೂಮಿನಿಯಂ ಪಾತ್ರೆಗೆ ಈ ವಿಧಾನ ಹೊಂದುವುದಿಲ್ಲ.

ಪೇಟೆಯಲ್ಲಿ ಸಿಗುವ ತಂತಿಬ್ರಷ್ಷಿನ ವಿಷಯದಲ್ಲಿ ಎಚ್ಚರ ವಹಿಸಬೇಕು. ಅದರ ಸಣ್ಣ ತಂತಿ ಕಳಚಿ ಜಾಲರಿಗೆ ಅಂಟಿಕೊಂಡು, ಆಹಾರದೊಡನೆ ಹೊಟ್ಟೆ ಸೇರಿ ಗಂಟಲನ್ನೋ ಕರುಳನ್ನೋ ಚುಚ್ಚಿದ ಪ್ರಸಂಗಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರಲ್ಲಿ ಪ್ರಕಟಿಸಿದೆ. ನಾರಿನಿಂದ ಆಗುವ ಕೆಲಸಕ್ಕೆ ತಂತಿಯ ಅವಶ್ಯಕತೆಯಿಲ್ಲ. ಬಳಸಲೇಬೇಕಾದರೆ ಆಮೇಲೆ ಒದ್ದೆ ಬಟ್ಟೆಯಿಂದ ಜಾಲರಿಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿಯೇ ಒಲೆಗೆ ಏರಿಸಬೇಕು.

ನಾಲ್ಕನೆಯದು, ಬೂದಿ. ಮೇಲೆ ತಣ್ಣಗೆ ಕಂಡರೂ ಬೂದಿಯೊಳಗೆ ಕಿಡಿ ಒಂದು ದಿನಕ್ಕೂ ಮೀರಿ ಜೀವಂತವಾಗಿರಬಲ್ಲದು. ಆದಕಾರಣ ಅದನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿಟ್ಟು, ಚೆನ್ನಾಗಿ ಆರಿದ ನಂತರವೇ ಹೊರಗೆ ಚೆಲ್ಲಬೇಕು. ಪ್ಲಾಸ್ಟಿಕ್ ಬುಟ್ಟಿಗೆ, ಸೌದೆ ಕೊಟ್ಟಿಗೆಯ ಮಗ್ಗುಲಿಗೆ, ಬೇಸಗೆಯ ಒಣ ತರಗೆಲೆಯ ಮೇಲೆ ಸುರಿಯಕೂಡದು. ಒಂದು ಕಿಡಿಗೆ ಇಡೀ ತೋಟ ಬಲಿಯಾಗಬಹುದು. ಬರಿಗಾಲಿನ ಮಕ್ಕಳು ತುಳಿದರೆ ಸುಟ್ಟಗಾಯ ತಪ್ಪದು. ಸುಟ್ಟಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಹಿಡಿಯಬೇಕು. ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟ್ ಹಚ್ಚಬಾರದು. ತಣಿದ ಶುದ್ಧ ಸೌದೆಬೂದಿಯನ್ನು ಹಿತ್ತಿಲಿನ ಹುಳಿಮಣ್ಣಿಗೆ ಸ್ವಲ್ಪ ಪ್ರಮಾಣದಲ್ಲಿ ಸೇರಿಸಿದರೆ ಗಿಡಗಳಿಗೆ ಪೊಟ್ಯಾಷ್ ದೊರೆಯುತ್ತದೆ.

ಐದನೆಯದು, ತುಕ್ಕು ಮತ್ತು ಮಳೆಗಾಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಂಥ ನಾಡಿನಲ್ಲಿ ಕಬ್ಬಿಣಕ್ಕೆ ತುಕ್ಕೇ ಮೊದಲ ಶತ್ರು. ಬೂದಿಯು ತೇವವನ್ನು ಹೀರಿ ತೊಟ್ಟಿಯ ತಳವನ್ನು ತಿನ್ನುತ್ತದೆ. ಕಾಚಂಪುಳಿ, ನಿಂಬೆ ಸೇರಿದ ಮಸಾಲೆಯ ಹುಳಿ ಸರಳುಗಳನ್ನು ಕೊರೆಯುತ್ತದೆ. ಆದುದರಿಂದ ತೊಳೆದ ಜಾಲರಿಯನ್ನು ಒರೆಸಿ, ಬಿಸಿಲಿಗೋ ಸಣ್ಣ ಉರಿಗೋ ಹಿಡಿದು ಒಣಗಿಸಿ, ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ ಇಡಬೇಕು. ಈಗಾಗಲೇ ತುಕ್ಕು ಹಿಡಿದಿದ್ದರೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಎಣ್ಣೆ ಸವರಿ ಒಮ್ಮೆ ಕಾಯಿಸಬೇಕು. ಬೆಲೆಬಾಳುವ ಕಾಚಂಪುಳಿಯನ್ನು ಇದಕ್ಕೆ ವ್ಯಯಿಸಬೇಕಾಗಿಲ್ಲ, ಅದು ಪಂದಿ ಕರಿಗೇ ಇರಲಿ. ಸರಳುಗಳು ಹಾಳೆಹಾಳೆಯಾಗಿ ಉದುರತೊಡಗಿದರೆ ಜಾಲರಿಯನ್ನು ಬದಲಾಯಿಸುವುದೇ ಸರಿ.

ಜೂನ್ ತಿಂಗಳಿಗೆ ಮೊದಲೇ ಒಲೆಯನ್ನು ಬರಿದುಮಾಡಿ, ಸೂರಿನ ಕೆಳಗೆ ಬೋರಲಾಗಿ ಇಡಬೇಕು. ಅಂಗಳದಲ್ಲಿ ಬಾಯ್ದೆರೆದು ಬಿದ್ದ ತೊಟ್ಟಿಯಲ್ಲಿ ಮಳೆನೀರು ನಿಂತರೆ, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಅದರಲ್ಲಿ ಮೊಟ್ಟೆಯಿಡುತ್ತದೆ. ಒಂದು ವಾರ ಹತ್ತು ದಿನಗಳೊಳಗೆ ಹೊಸ ಸೊಳ್ಳೆಗಳು ಹಾರತೊಡಗುತ್ತವೆ. ಡೆಂಗ್ಯೂವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದುದನ್ನು ಇಲ್ಲಿ ನೆನೆಯಬಹುದು.

ಆರನೆಯದು, ಆಹಾರದ ಶುಚಿತ್ವ. ಜಾಲರಿ ಎಷ್ಟೇ ಹೊಳೆಯಲಿ, ಹಸಿಮಾಂಸವನ್ನು ತಂದ ತಟ್ಟೆಯಲ್ಲಿಯೇ ಬೆಂದ ಮಾಂಸವನ್ನು ತೆಗೆದಿಟ್ಟರೆ ಮಾಡಿದ ಶ್ರಮವೆಲ್ಲ ನಿಷ್ಫಲ. ಹಸಿಗೆ ಒಂದು ತಟ್ಟೆ, ಒಂದು ಇಕ್ಕಳ, ಬೆಂದುದಕ್ಕೆ ಬೇರೆಯವು ಇರಬೇಕು. ಹಂದಿಮಾಂಸವನ್ನು ಒಳಗಿನವರೆಗೂ, ನಸುಗೆಂಪು ಉಳಿಯದಂತೆ ಬೇಯಿಸಬೇಕು. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಕರುಳನ್ನು ಸೇರಬಹುದು. ಅದರ ಮೊಟ್ಟೆಗಳು ಮಲದ ಸಂಪರ್ಕದಿಂದ, ತೊಳೆಯದ ಕೈಗಳ ಮೂಲಕ ಯಾರದಾದರೂ ಬಾಯಿಗೆ ಹೋದರೆ, ಮರಿಗಳು ಮಿದುಳಿನಲ್ಲಿ ನೆಲೆಸಿ ಅಪಸ್ಮಾರವನ್ನು ತರಬಲ್ಲವು. ಶೌಚದ ನಂತರ, ಅಡುಗೆಗೆ ಮುನ್ನ ಮತ್ತು ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯುವುದನ್ನು ಮನೆಮಂದಿಯೆಲ್ಲ ರೂಢಿಸಿಕೊಳ್ಳಬೇಕು.

ಕೊನೆಯದಾಗಿ, ಈ ಕೆಲಸ ಯಾರದು? ಕೆಂಡದೊಲೆಯ ಮುಂದೆ ನಿಂತು ಸುಡುವುದು ಗಂಡಸರ ಸಂಭ್ರಮ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಸಿಯನ್ನು ತಿಕ್ಕುವುದು ಹೆಂಗಸರ ಪಾಲು ಎಂಬುದು ಅನೇಕ ಮನೆಗಳ ಸ್ಥಿತಿ. ಇದು ನ್ಯಾಯವಲ್ಲ. ಬೆಂಕಿಯನ್ನು ಹೊತ್ತಿಸಿದವರೇ ಅದನ್ನು ಆರಿಸಿ, ಬೂದಿಯನ್ನು ತೆಗೆಯಲಿ. ಪತಿಯು ಕೆಂಡ ಮತ್ತು ತೊಟ್ಟಿಯ ಹೊಣೆ ಹೊತ್ತರೆ, ಪತ್ನಿಯು ಜಾಲರಿಯನ್ನು ನೋಡಿಕೊಳ್ಳಬಹುದು. ಪತ್ನಿ ಗರ್ಭಿಣಿಯಾಗಿದ್ದರೆ ಅಥವಾ ಬಾಣಂತಿಯಾಗಿದ್ದರೆ ಹೊಗೆ, ಭಾರ, ಬಿಸಿಗಳಿಂದ ಆಕೆಯನ್ನು ದೂರವಿಟ್ಟು ಎಲ್ಲವನ್ನೂ ಪತಿಯೇ ನಿರ್ವಹಿಸುವುದು ಕರ್ತವ್ಯ.

ಇಷ್ಟನ್ನು ನೆನಪಿಡಿ: ಪ್ರತಿಸಲವೂ ಕೆಂಡವನ್ನು ಪೂರ್ಣವಾಗಿ ಆರಿಸಿ, ಬೆಚ್ಚಗಿರುವಾಗಲೇ ಜಾಲರಿಯನ್ನು ಉಜ್ಜಿ, ಮರುದಿನ ಬೂದಿ ತೆಗೆದು, ಎಣ್ಣೆ ಸವರಿಡಿ. ಮಳೆಗಾಲಕ್ಕೆ ಮುನ್ನ ಒಲೆಯನ್ನು ಬೋರಲು ಹಾಕಿ. ಎಷ್ಟೇ ಚಳಿಯಿದ್ದರೂ ಕೆಂಡವನ್ನು ಮಲಗುವ ಕೋಣೆಯ ಹೊಸ್ತಿಲು ದಾಟಿಸಬೇಡಿ. ತಮ್ಮ ಮನೆಗಳಲ್ಲಿ ಹಬ್ಬದ ಸವಿಯೂ ಆರೋಗ್ಯವೂ ಜೊತೆಯಾಗಿ ನೆಲೆಸಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.